“ಮಿಷನ್ ಈಗ ಕೊಡಲೇಬೇಕು” ಅನ್ನುವವರಿಗೆ

ಸ್ಲಾಟ್ ಮಿಷನ್ನಿನಲ್ಲಿ, ಅಂದರೆ ಗುಂಡಿ ಒತ್ತಿದರೆ ಚಿತ್ರದ ಚಕ್ರ ತಿರುಗುವ ಜೂಜಿನ ಯಂತ್ರದಲ್ಲಿ, ದುಡ್ಡು ಕಳೆದುಕೊಂಡವನನ್ನು ಮನೆಯವರು ಕರೆದುಕೊಂಡು ಬರುತ್ತಾರೆ. ಹೆಂಡತಿಯೋ ಅಣ್ಣನೋ ಮೊದಲು ಮಾತು ಶುರು ಮಾಡುತ್ತಾರೆ. “ದುರಾಸೆ ಮೇಡಂ, ಬೇರೆ ಏನೂ ಇಲ್ಲ.” ಪಕ್ಕದಲ್ಲಿ ನೆಲ ನೋಡುತ್ತಾ ಕೂತವನು ತುಂಬಾ ಹೊತ್ತು ಬಾಯಿ ಬಿಡುವುದಿಲ್ಲ. ಆಮೇಲೆ ಮೆಲ್ಲಗೆ ಹೇಳುತ್ತಾನೆ: “ಇನ್ನೊಂದು ಸಲ ಒತ್ತಿದ್ರೆ ಬರ್ತಿತ್ತು. ಮಿಷನ್ ಅಷ್ಟು ಹೊತ್ತು ಕೊಟ್ಟಿರಲಿಲ್ಲ. ಕೊಡಲೇಬೇಕಿತ್ತು.”

ಮಡಿಕೇರಿಯಲ್ಲಿ ಆಪ್ತ ಸಮಾಲೋಚಕಿಯಾಗಿ ಈ ಎರಡು ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಎರಡೂ ತಪ್ಪು. ಎರಡನೆಯದು ಜಾಸ್ತಿ ಅಪಾಯದ್ದು, ಆದ್ದರಿಂದ ಇವತ್ತು ಅದನ್ನೇ ಹಿಡಿದು ಕೂರುತ್ತೇನೆ.

ನಮ್ಮ ಕಡೆ ಜೂಜಿನ ಬಗ್ಗೆ ಜನರ ಮನಸ್ಸು ಒಂದೇ ಥರ ಇಲ್ಲ. ಹಬ್ಬದ ರಾತ್ರಿ ನಾಲ್ಕು ಜನ ಇಸ್ಪೀಟು ಹಾಕಿದರೆ ಯಾರೂ ದೊಡ್ಡದು ಮಾಡುವುದಿಲ್ಲ. ಮಟ್ಕಾ, ಓಸಿ ಅಂದರೆ ಮುಖ ಸಿಂಡರಿಸುತ್ತಾರೆ. ಆದರೆ ಮಿಷನ್ ಅಂದಾಗ ಮಾತು ಮೆತ್ತಗಾಗುತ್ತದೆ. “ಅದು ಗೇಮ್ ಅಲ್ವಾ?” ಅನ್ನುತ್ತಾರೆ. ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದ ಒಬ್ಬರು ನನಗೆ ಹೇಳಿದ್ದು ಹೀಗೆ: “ಎಲೆ ಕಲಸುವವನ ಕೈ ನಂಬೋಕಾಗಲ್ಲ ಮೇಡಂ. ಮಿಷನ್ ಯಾರ ಮುಖಾನೂ ನೋಡಲ್ಲ.” (ಇಲ್ಲಿ ಬರುವವರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಮುಖ ನೋಡುವುದಿಲ್ಲ, ನಿಜ. ಅದು ಮೋಸ ಮಾಡಬೇಕಾಗಿಯೂ ಇಲ್ಲ. ಲೆಕ್ಕವೇ ಅದರ ಕಡೆ ಇದೆ. 100ಕ್ಕೆ 90 ವಾಪಸ್ ಕೊಡುವ ಮಿಷನ್ ಅಂದರೆ ತುಂಬಾ ಕೊಡುತ್ತದೆ ಅಂತ ಅನಿಸುತ್ತದೆ. ಆದರೆ ಬಂದ 90ನ್ನು ಆಡುವವನು ಮತ್ತೆ ಅದರೊಳಗೇ ಹಾಕುತ್ತಾನೆ. ಆಗ ಸರಾಸರಿ 81 ಬರುತ್ತದೆ. ಅದನ್ನೂ ಹಾಕುತ್ತಾನೆ. ಹೀಗೆ ಹತ್ತು ಸುತ್ತು ಆಗುವಾಗ ಕೈಯಲ್ಲಿ ಸುಮಾರು 35, ಇಪ್ಪತ್ತು ಸುತ್ತಿಗೆ 12. ಒಬ್ಬೊಬ್ಬನಿಗೆ ಹೆಚ್ಚು ಕಡಿಮೆ ಆಗುತ್ತದೆ. ಗುಂಪಿನ ಲೆಕ್ಕ ಮಾತ್ರ ಹೀಗೇ ಇಳಿಯುತ್ತಾ ಹೋಗುತ್ತದೆ.

ಕಾನೂನಿನ ಒಳಸುಳಿ ವಕೀಲರು ಹೇಳಲಿ. ನಾನು ಇಷ್ಟು ಹೇಳಬಲ್ಲೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜು ಅಡ್ಡೆ ನಡೆಸುವುದು ಅಪರಾಧ, ಕೌಶಲದ ಆಟಕ್ಕೆ ವಿನಾಯಿತಿ ಇದೆ. ಆ ವಿನಾಯಿತಿಯ ನೆರಳಲ್ಲೇ ‘ಸ್ಕಿಲ್ ಗೇಮ್’ ಅನ್ನುವ ಬೋರ್ಡುಗಳು ಎದ್ದವು. ಗೋವಾದಲ್ಲಿ 1992ರಿಂದ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಿಷನ್ನಿಗೆ ಅನುಮತಿ ಇದೆ, ಮೆಣಸು ಮಾರಿದ ದುಡ್ಡು ಅಲ್ಲಿಗೂ ಹೋಗುತ್ತದೆ. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಪಾಸಾಯಿತು.

ಈಗ ಮುಖ್ಯ ಮಾತು. ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ. ಅದರಲ್ಲಿ ಇಪ್ಪತ್ತು ಕಾಫಿ ಬೀಜ. ಒಂದಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೇನೆ. ಕಣ್ಣು ಮುಚ್ಚಿ ಒಂದು ಬೀಜ ತೆಗೆಯಿರಿ, ನೋಡಿ, ಮತ್ತೆ ಡಬ್ಬಿಗೇ ಹಾಕಿ ಅಂತ ಹೇಳುತ್ತೇನೆ. ಆ ರೈಟರ್ ಮೊದಲ ಬೀಜವನ್ನು ತೆಗೆದು ಹೆಬ್ಬೆರಳಲ್ಲಿ ಉಜ್ಜಿದರು, ಮೂಗಿನ ಹತ್ತಿರ ಹಿಡಿದರು. “ರೋಬಸ್ಟಾ. ಸರಿಯಾಗಿ ಒಣಗಿಲ್ಲ,” ಅಂದರು. ಆ ದಿನ ಅವರು ತಲೆ ಎತ್ತಿ ಆಡಿದ ಮೊದಲ ಮಾತು ಅದು. ನನಗೆ ಎಷ್ಟು ಸಮಾಧಾನ ಆಯ್ತು ಅಂದರೆ, ಆ ಬೀಜವನ್ನು ಆಮೇಲೆ ಬಿಸಿಲಿಗೆ ಇಟ್ಟೆ.

ಹದಿನೈದು ಸಲ ತೆಗೆದರು. ಕೆಂಪು ಬರಲಿಲ್ಲ. ಆಗ ಅವರ ಮುಖದಲ್ಲೇ ಗೊತ್ತಾಯಿತು. ಬೆನ್ನು ನೆಟ್ಟಗಾಯಿತು, ಕೈ ಚುರುಕಾಯಿತು. “ಇನ್ನೇನು ಬರುತ್ತೆ ನೋಡಿ,” ಅಂದರು. ಅಲ್ಲೇ ನಿಲ್ಲಿಸಿದೆ. “ಡಬ್ಬಿಯಲ್ಲಿ ಈಗ ಎಷ್ಟು ಬೀಜ ಇದೆ?” “ಇಪ್ಪತ್ತು.” “ಶುರುವಲ್ಲಿ?” “ಇಪ್ಪತ್ತು.” “ಕೆಂಪು?” “ಒಂದು.” ಹಾಗಾದರೆ ಹದಿನೈದು ಸಲ ತೆಗೆದದ್ದರಿಂದ ಡಬ್ಬಿಯಲ್ಲಿ ಏನು ಬದಲಾಯಿತು? ಏನೂ ಇಲ್ಲ.

ತಲೆಗೆ ಇಳಿಯಬೇಕಾದದ್ದು ಇದೊಂದೇ. ಆದರೆ ಇಳಿಯುವುದಿಲ್ಲ, ಅದಕ್ಕೂ ಕಾರಣ ಇದೆ. ಇಸ್ಪೀಟಿನಲ್ಲಿ ಬಿದ್ದ ಎಲೆ ಕಟ್ಟಿಗೆ ವಾಪಸ್ ಹೋಗುವುದಿಲ್ಲ. 52 ಎಲೆಯಲ್ಲಿ ನಾಲ್ಕು ಎಕ್ಕ, ಅಂದರೆ 13ಕ್ಕೆ ಒಂದು. ಇಪ್ಪತ್ತು ಎಲೆ ಬಿದ್ದರೂ ಎಕ್ಕ ಬಂದಿಲ್ಲ ಅಂದರೆ ಉಳಿದ 32ರಲ್ಲಿ ನಾಲ್ಕೂ ಇವೆ, 8ಕ್ಕೆ ಒಂದು. ಅಲ್ಲಿ “ಇನ್ನೇನು ಬರುತ್ತೆ” ಅನ್ನುವುದು ಸರಿಯಾದ ಲೆಕ್ಕ. ಇಸ್ಪೀಟು ಬಲ್ಲವನು ಆ ಸರಿಯಾದ ಬುದ್ಧಿಯನ್ನೇ ಮಿಷನ್ ಮುಂದೆ ಖರ್ಚು ಮಾಡುತ್ತಾನೆ. ಮಿಷನ್ ಪ್ರತಿ ಸಲವೂ ಎಲೆಯನ್ನು ಕಟ್ಟಿಗೆ ಸೇರಿಸಿ ಹೊಸದಾಗಿ ಕಲಸುತ್ತದೆ. ಅದರ ಒಳಗೆ ಸಂಖ್ಯೆ ಹುಟ್ಟಿಸುವ ಪ್ರೋಗ್ರಾಮ್ ಇರುತ್ತದೆ. ನೀವು ಬೆಳಗಿನಿಂದ ಕೂತಿದ್ದೀರೋ ಈಗ ಬಂದಿರೋ, ಅದಕ್ಕೆ ಗೊತ್ತಿಲ್ಲ. ಬಿಟ್ಟುಹೋದ ಕುರ್ಚಿಯಲ್ಲಿ ಬೇರೆಯವನು ಕೂತು ಗೆದ್ದರೆ ಅದು ನಿಮ್ಮ ದುಡ್ಡಲ್ಲ.

ಇಪ್ಪತ್ತು ಬೀಜ, ಇಪ್ಪತ್ತು ಸಲ ತೆಗೆದರೆ ಒಂದು ಸಲವಾದರೂ ಕೆಂಪು ಬರಲೇಬೇಕು ಅಲ್ವಾ ಅಂತ ಕೇಳುತ್ತಾರೆ. ಇಲ್ಲ. ವಾಪಸ್ ಹಾಕುತ್ತಾ ಆಡಿದರೆ ಒಂದು ಸಲವೂ ಬಾರದೇ ಇರುವ ಸಾಧ್ಯತೆ 100ಕ್ಕೆ ಸುಮಾರು 36. 1913ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೊದ ಕ್ಯಾಸಿನೋದಲ್ಲಿ ಕೆಂಪು, ಕಪ್ಪು ಮನೆಗಳಿರುವ ರೂಲೆಟ್ ಚಕ್ರ ಸತತ 26 ಸಲ ಕಪ್ಪಿನ ಮೇಲೇ ನಿಂತಿತು. ಕೆಂಪು ಬರಲೇಬೇಕು ಅಂತ ಸುರಿದವರು ಎಲ್ಲ ಕಳೆದುಕೊಂಡರು. ಹೀಗೆ ಎಡವಿದವರು ನಮ್ಮವರು ಮಾತ್ರ ಅಲ್ಲ ಅಂತ ಮನೆಯವರಿಗೆ ಇದನ್ನು ಹೇಳುತ್ತೇನೆ.

ದುರಾಸೆ ಅನ್ನುವವರಿಗೆ ನನ್ನ ಉತ್ತರ ಇಲ್ಲೇ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ಜನ ನಾವು. ಮಳೆ ತಡವಾದರೂ ತೋಟ ಬಿಟ್ಟು ಓಡುವುದಿಲ್ಲ. ಮೆಣಸಿಗೆ ರೇಟ್ ಇಲ್ಲದಿದ್ದರೆ ಮೂಟೆ ಕಟ್ಟಿ ಇಟ್ಟು ಕಾಯುತ್ತೇವೆ. ಕಾದವನಿಗೆ ಸಿಗುತ್ತದೆ ಅನ್ನುವುದನ್ನು ಅಪ್ಪ, ಅಜ್ಜ ಕಲಿಸಿದ್ದಾರೆ, ತೋಟದಲ್ಲಿ ಅದು ನಿಜವೂ ಹೌದು. ನನ್ನ ಮುಂದೆ ಕೂರುವ ಎಷ್ಟೋ ಜನರನ್ನು ಮಿಷನ್ ಹಿಡಿದದ್ದು ಆ ತಾಳ್ಮೆಯಿಂದಲೇ. ದುರಾಸೆ ಅಂತ ಬೈಸಿಕೊಂಡವನು ಮುಂದಿನ ಸಲ ಸುಳ್ಳು ಹೇಳುತ್ತಾನೆ. ತಾಳ್ಮೆಯನ್ನು ತಪ್ಪು ಜಾಗದಲ್ಲಿ ಇಟ್ಟೆ ಅಂತ ಅರ್ಥವಾದವನು ನನ್ನ ಜೊತೆ ಮಾತಾಡುತ್ತಾನೆ.

ಆ ತಾಳ್ಮೆಗೆ ಮಿಷನ್ ಗೊಬ್ಬರವನ್ನೂ ಹಾಕುತ್ತದೆ. ಒಂದೇ ಚಿತ್ರ ಮೂರು ಬರಬೇಕು, ಎರಡು ಬಂದು ಮೂರನೆಯದು ಗೆಲ್ಲುವ ಗೆರೆಯ ಪಕ್ಕದಲ್ಲೇ ನಿಲ್ಲುತ್ತದೆ. “ಸಿಕ್ಕೇ ಬಿಟ್ಟಿತ್ತು!” ಅನಿಸುತ್ತದೆ. ಕಣ್ಣಿಗೆ ಕಾಣುವ ಚಕ್ರ ಒಂದು, ಒಳಗೆ ಕಂಪ್ಯೂಟರ್ ಹಾಕುವ ಲೆಕ್ಕದ ಚಕ್ರ ಇನ್ನೊಂದು. ಅಮೆರಿಕದಲ್ಲಿ 1984ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿದೆ. ಈ ಏರ್ಪಾಡಿನಲ್ಲಿ ದೊಡ್ಡ ಬಹುಮಾನದ ಚಿತ್ರವನ್ನು ಗೆರೆಯ ಪಕ್ಕದಲ್ಲಿ ಪದೇ ಪದೇ ತೋರಿಸಬಹುದು, ಗೆರೆಯ ಮೇಲೆ ತೀರಾ ಅಪರೂಪಕ್ಕೆ ನಿಲ್ಲಿಸಬಹುದು. ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವುದೂ ಸೋಲೇ. ಆದರೆ ಗೆದ್ದಾಗ ಚುರುಕಾಗುವ ಮೆದುಳಿನ ಭಾಗಗಳು ಆಗಲೂ ಚುರುಕಾಗುವುದನ್ನು ಕೇಂಬ್ರಿಡ್ಜ್‌ನ ಸಂಶೋಧಕರು 2009ರಲ್ಲಿ ಸ್ಕ್ಯಾನ್‌ನಲ್ಲಿ ನೋಡಿದ್ದಾರೆ.

ಗಡಿಯ ಕುಟ್ಟ ದಾಟಿ ಕೇರಳದ ಲಾಟರಿ ತರುವವರೂ ನನ್ನ ಹತ್ತಿರ ಬರುತ್ತಾರೆ. 2024ರಲ್ಲಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ 25 ಕೋಟಿಯ ಓಣಂ ಬಂಪರ್ ಬಂದ ಮೇಲಂತೂ ಆ ಹೆಸರು ಹೇಳದವರಿಲ್ಲ. ಲಾಟರಿಯಲ್ಲೂ ಸೋಲೇ ಜಾಸ್ತಿ. ಆದರೆ ಡ್ರಾ ಆಗುವವರೆಗೆ ಕಾಯಬೇಕು, ಅಷ್ಟರಲ್ಲಿ ಸಂತೆ ಖರ್ಚು, ಸ್ಕೂಲ್ ಫೀಸು ನೆನಪಾಗುತ್ತದೆ. ಮಿಷನ್ ಕೆಲವೇ ಸೆಕೆಂಡಿನಲ್ಲಿ ಮುಗಿಸಿ ಮತ್ತೆ ಕರೆಯುತ್ತದೆ.

ಬೇರೆ ಕಡೆಯ ಜನ ಸುಮ್ನೆ ಕೂರಲಿಲ್ಲ. ನಾರ್ವೆ 2007ರ ಜುಲೈಯಲ್ಲಿ ಅಂಗಡಿ, ಮಾಲುಗಳ ಸ್ಲಾಟ್ ಮಿಷನ್‌ಗಳನ್ನು ತೆಗೆಸಿತು. ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಮಿಷನ್ನಿನಲ್ಲಿ ಒಂದು ಸುತ್ತಿಗೆ 100 ಪೌಂಡ್‌ವರೆಗೆ ಕಟ್ಟಬಹುದಿತ್ತು, 2019ರ ಏಪ್ರಿಲ್‌ನಲ್ಲಿ ಅದು 2 ಪೌಂಡ್‌ಗೆ ಇಳಿಯಿತು. ಅಲ್ಲಿ ಊರಿನವರು ಆಡುವವನ ಗುಣದ ಜೊತೆ ಮಿಷನ್ನಿನ ಗುಣವನ್ನೂ ಕೇಳಿದರು.

ಆಡುವವರೆಲ್ಲ ರೋಗಿಗಳಲ್ಲ. ಮುಖ ನೋಡದೆ ಯಾರಿಗೂ ಚಟ ಅಂತ ಹಣೆಪಟ್ಟಿ ಹಚ್ಚುವವಳು ನಾನಲ್ಲ, ಆ ನಿರ್ಧಾರ ಮನೋವೈದ್ಯರದ್ದು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕೆಲವರಿಗೆ ಜೂಜಿನ ಹುಚ್ಚು ಹಿಡಿಯುವುದುಂಟು. ವಯಸ್ಸಾದವರಲ್ಲಿ ಹೊಸದಾಗಿ ಶುರುವಾದರೆ ಮಾತ್ರೆ ಚೀಟಿ ತನ್ನಿ, ಆದರೆ ನೀವೇ ಮಾತ್ರೆ ನಿಲ್ಲಿಸಬೇಡಿ. ಸಾಲವನ್ನು ಒಂದೇ ಸಲ ತೀರಿಸಿ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಖಾಲಿಯಾದ ಸಾಲದ ಪುಸ್ತಕ ಅವನ ಕಣ್ಣಿಗೆ ಇನ್ನೊಂದು ಅವಕಾಶ. ರಾತ್ರಿ ತಡೆಯಲಾಗದ ಹಾಗಾದರೆ, ಸಾಯುವ ಮಾತು ಬಂದರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಸಲ ಬರುವಾಗ ಪಾಸ್‌ಬುಕ್ ಇರಲಿ. ಜೊತೆಗೆ ಬರುವವರು ಒಬ್ಬರೇ ಸಾಕು, ದಾರಿಯಲ್ಲಿ ಬೈಯದವರು. ಡಬ್ಬಿ ನನ್ನ ಹತ್ತಿರ ಇದೆ.