ಟೂ-ವೀಲ್ ಡ್ರೈವ್ ಪಿಕಪ್ ಎತ್ತರಿಸುವ ಮುನ್ನ: ಆ ಎತ್ತರ ಎಲ್ಲಿಂದ ಬರುತ್ತದೆ?

ಪಿಕಪ್ ಗಾಡಿಯನ್ನು ಕಡಿಮೆ ಖರ್ಚಿನಲ್ಲಿ ಎರಡು ಇಂಚು ಎತ್ತರಿಸಿಕೊಡಿ ಎಂದು ಬರುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಗಾಡಿಯ ಅಡಿಯಲ್ಲಿ ಈಗ ನೆಲಕ್ಕೆ ಉಜ್ಜುತ್ತಿರುವ ಭಾಗ ಯಾವುದು? ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ, ಟಾರ್ಚ್ ಹಿಡಿದು ಕೆಳಗೆ ನಿಂತರೆ ಉತ್ತರ ಗೀರುಗಳ ರೂಪದಲ್ಲಿ ಅಲ್ಲೇ ಸಿಗುತ್ತದೆ. ಮುಂದಿನ ಕ್ರಾಸ್‌ಮೆಂಬರ್, ಆಯಿಲ್ ಸಂಪಿನ ಕೆಳಗಿನ ಗಾರ್ಡ್ ಅಥವಾ ಸೈಲೆನ್ಸರ್ ಪೈಪು ಗೀಚಿದ್ದರೆ ಸಸ್ಪೆನ್ಷನ್ ಎತ್ತರಿಸುವುದರಿಂದ ಪ್ರಯೋಜನವಿದೆ. ಗೀರುಗಳಿರುವುದು ಹಿಂದಿನ ಡಿಫರೆನ್ಷಿಯಲ್‌ನ (ಹಿಂದಿನ ಆಕ್ಸಲ್ಲಿನ ನಡುವೆ ಉಬ್ಬಿರುವ ಗೇರುಗಳ ಗೂಡು) ಬುಡದಲ್ಲಾದರೆ, ಸಸ್ಪೆನ್ಷನ್ನಿಗೆ ಎಷ್ಟೇ ಹಣ ಸುರಿದರೂ ಅದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ, ಏಕೆಂದರೆ ಹಿಂದಿನ ಆಕ್ಸಲ್ ಹೌಸಿಂಗ್ ನಿಂತಿರುವುದು ಸ್ಪ್ರಿಂಗುಗಳ ಮೇಲಲ್ಲ, ಟೈರುಗಳ ಮೇಲೆ.

ಟೈರಿನ ಲೆಕ್ಕ ಸರಳವಾದದ್ದು. 215/75 ಆರ್15 ಅಳತೆಯ ಟೈರಿನ ವ್ಯಾಸ ಸುಮಾರು 703 ಮಿ.ಮೀ.; 235/75 ಆರ್15 ಅಳತೆಯದು ಸುಮಾರು 733 ಮಿ.ಮೀ. ವ್ಯಾಸದಲ್ಲಿ 30 ಮಿ.ಮೀ. ಹೆಚ್ಚಿದರೂ ಆಕ್ಸಲ್ ಏರುವುದು ಅದರ ಅರ್ಧ, ಅಂದರೆ 15 ಮಿ.ಮೀ. ಮಾತ್ರ. ಅದರ ಜೊತೆಗೆ ಸ್ಪೀಡೋಮೀಟರ್ ಮೊದಲಿಗಿಂತ ಶೇಕಡಾ 4ರಷ್ಟು ಕಡಿಮೆ ತೋರಿಸತೊಡಗುತ್ತದೆ, ಏರಿನಲ್ಲಿ ಎಳೆತವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಇಷ್ಟು ಸಣ್ಣ ಲಾಭಕ್ಕೆ ಇಷ್ಟೆಲ್ಲವೇ ಎಂದು ಅನ್ನಿಸಬಹುದು. ಆದರೆ ಕಲ್ಲಿನ ದಾರಿಯಲ್ಲಿ ಡಿಫರೆನ್ಷಿಯಲ್ ಬುಡಕ್ಕೆ ಸಿಗುವ 15 ಮಿ.ಮೀ. ಬೇರೆ ಯಾವ ಉಪಾಯದಿಂದಲೂ ಸಿಗುವಂಥದ್ದಲ್ಲ.

ಎರಡನೆಯದಾಗಿ, ಹಳೆಯ ಗಾಡಿಯಾದರೆ ಎತ್ತರಿಸುವ ಮಾತಿಗಿಂತ ಮೊದಲು ಕಳೆದುಹೋದ ಎತ್ತರವನ್ನು ಮರಳಿ ಪಡೆಯುವ ಮಾತಾಡಬೇಕು. ವರ್ಷಗಟ್ಟಲೆ ಭಾರ ಹೊತ್ತ ಲೀಫ್ ಸ್ಪ್ರಿಂಗುಗಳ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು) ಕಮಾನು ಚಪ್ಪಟೆಯಾಗಿರುತ್ತದೆ, ಮುಂದಿನ ಕಾಯಿಲ್ (ಸುರುಳಿ ಸ್ಪ್ರಿಂಗ್) ಅಥವಾ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಕುಸಿದಿರುತ್ತದೆ, ಕೀಲುಗಳಲ್ಲಿನ ಬುಷ್‌ಗಳು ಒಂದು ಪಕ್ಕಕ್ಕೆ ಸವೆದಿರುತ್ತವೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಅಳೆದು, ತಯಾರಕರ ಸರ್ವಿಸ್ ಪುಸ್ತಕದ ಅಳತೆಯೊಂದಿಗೆ ಹೋಲಿಸಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿ ಮತ್ತು ಸವೆತ ಲೆಕ್ಕ ತಪ್ಪಿಸುತ್ತವೆ. ಎರಡು ಇಂಚು ಬೇಕೆಂದು ಬಂದ ಗಾಡಿ ಅದಾಗಲೇ ಒಂದು ಇಂಚಿಗಿಂತ ಹೆಚ್ಚು ಕುಸಿದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅಂಥ ಗಾಡಿಗೆ ಹೊಸ ಸ್ಪ್ರಿಂಗು, ಹೊಸ ಬುಷ್ ಹಾಕಿಸುವುದೇ ಅತ್ಯಂತ ಅಗ್ಗದ ಮತ್ತು ಅತ್ಯಂತ ಸುರಕ್ಷಿತ ಎತ್ತರಿಕೆ.

ಇನ್ನು ಮುಂಭಾಗಕ್ಕೆ ಬರೋಣ. ಕಡಿಮೆ ಖರ್ಚಿನ ಎತ್ತರಿಕೆಯ ಗುಟ್ಟು ಮತ್ತು ಅಪಾಯ ಎರಡೂ ಇಲ್ಲೇ ಇವೆ. ನಿಂತಿರುವ ಗಾಡಿಯ ಚಕ್ರ ತನ್ನ ಒಟ್ಟು ಚಲನೆಯ ನಡುವೆ ಎಲ್ಲೋ ನಿಂತಿರುತ್ತದೆ. ಉಬ್ಬು ಸಿಕ್ಕಾಗ ಮೇಲಕ್ಕೆ ಹೋಗಲು ಸ್ವಲ್ಪ ಜಾಗ, ಗುಂಡಿ ಸಿಕ್ಕಾಗ ಕೆಳಕ್ಕೆ ಇಳಿಯಲು ಸ್ವಲ್ಪ ಜಾಗ ಇರುತ್ತದೆ. ಉದಾಹರಣೆಗೆ ಒಟ್ಟು ಚಲನೆ 180 ಮಿ.ಮೀ. ಇದ್ದು, ಏರಿಕೆಗೆ 90, ಇಳಿತಕ್ಕೆ 90 ಇದೆ ಎಂದುಕೊಳ್ಳಿ. ಟಾರ್ಷನ್ ಬಾರಿನ ಅಡ್ಜಸ್ಟಿಂಗ್ ಬೋಲ್ಟನ್ನು ಬಿಗಿಗೊಳಿಸಿ ಗಾಡಿಯನ್ನು 40 ಮಿ.ಮೀ. ಎತ್ತರಿಸಿದರೆ ಏರಿಕೆಗೆ 130, ಇಳಿತಕ್ಕೆ 50 ಉಳಿಯುತ್ತದೆ. 70 ಮಿ.ಮೀ. ಎತ್ತರಿಸಿದರೆ ಇಳಿತಕ್ಕೆ ಉಳಿಯುವುದು ಬರೀ 20. ಒಟ್ಟು ಚಲನೆ ಒಂದು ಮಿ.ಮೀ. ಕೂಡ ಹೆಚ್ಚಿಲ್ಲ. ಬೋಲ್ಟು ತಿರುಗಿಸಿ ಪಡೆದ ಎತ್ತರ ಇಳಿತದಿಂದ ತಂದ ಸಾಲ. ಎಷ್ಟು ತಂದಿದ್ದೇವೆ ಎಂಬ ಅರಿವಿಲ್ಲದಿದ್ದರೆ ಬಡ್ಡಿಯನ್ನು ಚಕ್ರವನ್ನು ಚಾಸಿಗೆ ಸೇರಿಸುವ ತೋಳುಗಳ ತುದಿಯ ಕೀಲುಗಳು, ಅಂದರೆ ಬಾಲ್ ಜಾಯಿಂಟುಗಳು, ಕಟ್ಟುತ್ತವೆ.

ಬೋಲ್ಟು ಬಿಗಿಗೊಳಿಸಿದರೆ ಟಾರ್ಷನ್ ಬಾರ್ ಗಡುಸಾಗುತ್ತದೆ ಎಂಬ ಮಾತು ನಮ್ಮ ವೃತ್ತಿಯವರ ಬಾಯಲ್ಲೇ ಓಡಾಡುತ್ತದೆ. ಅದು ತಪ್ಪು. ಚಾಸಿಯುದ್ದಕ್ಕೂ ಮಲಗಿರುವ ಆ ಉಕ್ಕಿನ ಸರಳಿನ ಗಡಸುತನವನ್ನು ನಿರ್ಧರಿಸುವುದು ಅದರ ದಪ್ಪ, ಉದ್ದ ಮತ್ತು ಉಕ್ಕಿನ ಗುಣ. ಬೋಲ್ಟು ಇವುಗಳಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ಮುಂಭಾಗದ ಭಾರ ಮೊದಲಿನಷ್ಟೇ ಇರುವುದರಿಂದ ಸರಳು ತಿರುಚಿಕೊಳ್ಳುವ ಪ್ರಮಾಣವೂ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ಬದಲಾಗುವುದು ತೋಳುಗಳ ಕೋನ. ಹಾಗಾದರೆ ಎತ್ತರಿಸಿದ ಗಾಡಿ ಕುಲುಕುವುದೇಕೆ? ಇಳಿಯಲು ಜಾಗವಿಲ್ಲದ ಚಕ್ರ ಪ್ರತಿ ಉಬ್ಬನ್ನು ದಾಟಿದ ಕೂಡಲೇ ತನ್ನ ತಡೆಗೆ ಬಂದು ಬಡಿಯುತ್ತದೆ, ಅದಕ್ಕೆ.

ಒಮ್ಮೆ ಒಂದು ಪಿಕಪ್ ನನ್ನ ಬಳಿಗೆ ಬಂದದ್ದು ಸ್ಪೀಡ್ ಬ್ರೇಕರ್ ಇಳಿಯುವಾಗ ಮುಂದೆ ‘ಟಕ್’ ಎಂದು ಬಡಿಯುವ ಸದ್ದಿನ ದೂರಿನೊಂದಿಗೆ. ಬೇರೆ ಕಡೆ ಎರಡು ಸಲ ಶಾಕ್ ಅಬ್ಸಾರ್ಬರ್ ಬದಲಿಸಿದ್ದರಂತೆ. ಮುಂಭಾಗವನ್ನು ಜ್ಯಾಕ್ ಮೇಲೆ ಎತ್ತತೊಡಗಿದರೆ, ಚಾಸಿ ಎರಡು ಬೆರಳಿನಷ್ಟು ಮೇಲೇರುವುದರೊಳಗೆ ಟೈರು ನೆಲ ಬಿಟ್ಟಿತು. ಮೇಲಿನ ತೋಳಿನ ಕೆಳಗೆ ಕೈ ಹಾಕಿದೆ. ಇಳಿತವನ್ನು ತಡೆಯುವ ರಬ್ಬರಿನ ಅರ್ಧ ಭಾಗ ಪುಡಿಯಾಗಿ ಬೆರಳಿಗೆ ಅಂಟಿಕೊಂಡು ಬಂತು, ಉಳಿದರ್ಧದ ಜಾಗದಲ್ಲಿ ಕಬ್ಬಿಣ ಕಬ್ಬಿಣಕ್ಕೆ ಬಡಿದು ಕನ್ನಡಿಯಂತೆ ಹೊಳೆಯುತ್ತಿತ್ತು. ಅಡ್ಜಸ್ಟಿಂಗ್ ಬೋಲ್ಟಿನಲ್ಲಿ ತಿರುಗಿಸಲು ಒಂದು ಎಳೆಯೂ ಉಳಿದಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಎರಡೂ ಬದಿಯ ಬೋಲ್ಟುಗಳನ್ನು ಸಡಿಲಿಸಿ ಗಾಡಿಯನ್ನು 30 ಮಿ.ಮೀ. ಕೆಳಗಿಳಿಸಿದೆ, ಹೊಸ ರಬ್ಬರ್ ಹಾಕಿದೆ, ಅಲೈನ್‌ಮೆಂಟ್ ಮಾಡಿಸಿದೆ. ಸದ್ದು ನಿಂತಿತು. ಎತ್ತರ ಕಡಿಮೆಯಾಯಿತೆಂದು ಮಾಲೀಕರಿಗೆ ಅಸಮಾಧಾನವಿದ್ದದ್ದು ನಿಜ.

ಈ ಕೆಲಸವನ್ನು ಸ್ವತಃ ಮಾಡುವವರಿಗೆ ಒಂದೆರಡು ಮಾತು. ಬೋಲ್ಟು ಮುಟ್ಟುವ ಮೊದಲು ಹೊರಗೆ ಕಾಣುವ ಎಳೆಗಳ ಉದ್ದವನ್ನು ಎರಡೂ ಬದಿಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರಗಳು ಜೋತಾಡುವಂತೆ ಬಿಟ್ಟು, ಒಂದೊಂದು ಬದಿಗೆ ಎರಡೆರಡು ಸುತ್ತಿನಂತೆ ತಿರುಗಿಸಿ. ನೆಲಕ್ಕಿಳಿಸಿದ ಮೇಲೆ ಗಾಡಿಯನ್ನು ಸ್ವಲ್ಪ ದೂರ ಓಡಿಸಿ, ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂತ ನಂತರವೇ ಮತ್ತೆ ಅಳೆಯಿರಿ. ಟಾರ್ಷನ್ ಬಾರನ್ನೇ ಬಿಚ್ಚಬೇಕಾದಾಗ ಸಾಮಾನ್ಯ ಕ್ಲಾಂಪುಗಳನ್ನು ನಂಬಬೇಡಿ, ಅದರಲ್ಲಿ ಅಡಗಿರುವ ಶಕ್ತಿ ಮೂಳೆ ಮುರಿಯುವಷ್ಟಿರುತ್ತದೆ. ಕಾಯಿಲ್ ಸ್ಪ್ರಿಂಗಿನ ವಿಷಯದಲ್ಲೂ ಇದೇ ಎಚ್ಚರ ಬೇಕು.

ಕಾಯಿಲ್ ಇರುವ ಗಾಡಿಗಳಲ್ಲಿ ಸ್ಪೇಸರ್, ಅಂದರೆ ಎತ್ತರ ಹೆಚ್ಚಿಸುವ ದಪ್ಪ ಬಿಲ್ಲೆ, ಹಾಕುವುದು ರೂಢಿ. ಇಲ್ಲಿ ಹಲವರು ಎಡವುವುದು ಅಳತೆಯಲ್ಲಿ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಜೋಡಣೆ) ಕೂರುವುದು ಕೆಳತೋಳಿನ ತುದಿಯಲ್ಲಲ್ಲ, ನಡುವೆ. ಆದ್ದರಿಂದ ಸ್ಟ್ರಟ್ಟಿನ ತಲೆಯ ಮೇಲೆ 25 ಮಿ.ಮೀ. ದಪ್ಪದ ಸ್ಪೇಸರ್ ಇಟ್ಟರೆ ಚಕ್ರದ ಬಳಿ 45ರಿಂದ 50 ಮಿ.ಮೀ. ಎತ್ತರ ಬರುತ್ತದೆ. ಎರಡು ಇಂಚು ಬೇಕೆಂದು ಎರಡು ಇಂಚಿನ ಸ್ಪೇಸರ್ ಹಾಕಿದವರ ಗಾಡಿ ಹೆಚ್ಚುಕಡಿಮೆ ನಾಲ್ಕು ಇಂಚು ಎದ್ದು, ಮೇಲಿನ ಬಾಲ್ ಜಾಯಿಂಟ್ ತನ್ನ ಬಟ್ಟಲಿನ ಅಂಚಿಗೆ ತಾಗಿ ನಿಂತಿರುತ್ತದೆ. ಸ್ಟ್ರಟ್ಟಿನೊಳಗೆ ಸ್ಪ್ರಿಂಗಿಗೆ ಒತ್ತಿ ಕೂರುವ ಸ್ಪೇಸರ್ ಟಾರ್ಷನ್ ಬೋಲ್ಟಿನಂತೆಯೇ ಇಳಿತವನ್ನು ತಿನ್ನುತ್ತದೆ. ಸ್ಟ್ರಟ್ಟಿನ ತಲೆಯ ಮೇಲೆ ಕೂರುವ ಸ್ಪೇಸರ್ ಇಡೀ ಸ್ಟ್ರಟ್ಟನ್ನೇ ಕೆಳಕ್ಕೆ ತಳ್ಳುವುದರಿಂದ ಚಕ್ರ ಮೊದಲಿಗಿಂತ ಹೆಚ್ಚು ಇಳಿಯುತ್ತದೆ, ಆ ಹೆಚ್ಚಿನ ಇಳಿತವನ್ನು ತಾಳುವ ಶಕ್ತಿ ಬಾಲ್ ಜಾಯಿಂಟಿಗೂ ಬ್ರೇಕ್ ಹೋಸಿಗೂ ಇದೆಯೇ ಎಂದು ನೋಡಬೇಕಾಗುತ್ತದೆ. 1965ರಲ್ಲಿ ಫೋರ್ಡ್ ಕಂಪನಿ ತನ್ನ ಪಿಕಪ್‌ಗಳಿಗೆ ತಂದ ಟ್ವಿನ್ ಐ-ಬೀಮ್ (ಮುಂದಿನ ಪ್ರತಿ ಚಕ್ರಕ್ಕೂ ಒಂದೊಂದು ಉದ್ದ ಬೀಮ್) ಜಾತಿಯ ಮುಂಭಾಗಗಳ ಕಥೆ ಬೇರೆ. ಅವನ್ನು ಸ್ಪ್ರಿಂಗಿನಿಂದ ಎತ್ತರಿಸಿದರೆ ಚಕ್ರಗಳ ತಲೆ ಹೊರಕ್ಕೆ ವಾಲುತ್ತದೆ, ಬೀಮುಗಳ ಬುಡವನ್ನು ಕೆಳಕ್ಕಿಳಿಸುವ ಬ್ರ್ಯಾಕೆಟ್ ಇಲ್ಲದೆ ಟೈರು ಉಳಿಯದು.

ಟೂ-ವೀಲ್ ಡ್ರೈವ್ ಗಾಡಿಗೆ ಇರುವ ಒಂದು ದೊಡ್ಡ ಅನುಕೂಲವನ್ನು ಹೆಚ್ಚಿನವರು ಬಳಸಿಕೊಳ್ಳುವುದೇ ಇಲ್ಲ. ಮುಂದಿನ ಚಕ್ರಗಳಿಗೆ ಡ್ರೈವ್ ಶಾಫ್ಟ್ ಇಲ್ಲದಿರುವುದರಿಂದ, ಹಬ್ ಕೂರುವ ನಕಲ್‌ನಲ್ಲಿ (ಬಾಲ್ ಜಾಯಿಂಟುಗಳ ನಡುವೆ ನಿಂತು ಚಕ್ರವನ್ನು ಹೊರುವ ಭಾಗ) ಸ್ಟಬ್ ಆಕ್ಸಲ್ಲಿನ (ಚಕ್ರ ತಿರುಗುವ ಮೋಟು ಅಚ್ಚು) ಜಾಗವನ್ನು ಎರಡು ಮೂರು ಇಂಚು ಕೆಳಗೆ ಇಟ್ಟು ತಯಾರಿಸಿದ ಲಿಫ್ಟ್ ಸ್ಪಿಂಡಲ್‌ಗಳನ್ನು ಇವುಗಳಿಗೆ ಹಾಕಬಹುದು. ಇದರಲ್ಲಿ ತೋಳುಗಳ ಕೋನ ಬದಲಾಗುವುದಿಲ್ಲ, ಏರಿಕೆ ಇಳಿತಗಳೆರಡೂ ಮೊದಲಿನಷ್ಟೇ ಉಳಿಯುತ್ತವೆ. ಸಾಲವಿಲ್ಲದ ಎತ್ತರವೆಂದರೆ ಇದೇ. ಎಲ್ಲ ಮಾದರಿಗಳಿಗೂ ಇವು ಸಿಗುವುದಿಲ್ಲ, ಸ್ಪೇಸರಿಗಿಂತ ಬೆಲೆಯೂ ಹೆಚ್ಚು. ಆದರೆ ಸಿಗುವ ಮಾದರಿಯಾಗಿದ್ದರೆ ಇನ್ನಾರು ತಿಂಗಳು ಕಾದು ಹಣ ಕೂಡಿಸಿ ಇದನ್ನೇ ಹಾಕಿಸಿ ಎನ್ನುತ್ತೇನೆ. ಹಳೆಯ ನಕಲ್ಲನ್ನು ಕತ್ತರಿಸಿ ವೆಲ್ಡ್ ಮಾಡಿ ಉದ್ದ ಮಾಡಿಕೊಡುತ್ತೇವೆ ಎನ್ನುವವರ ಕಡೆಗೆ ಮಾತ್ರ ತಿರುಗಿಯೂ ನೋಡಬಾರದು.

ಇನ್ನೊಂದು ದಾರಿ ಗುಜರಿಯದು. ಕೆಲವು ತಯಾರಕರೇ ಫೋರ್-ವೀಲ್ ಡ್ರೈವ್ ಗಾಡಿಯ ಎತ್ತರದಲ್ಲಿ ಟೂ-ವೀಲ್ ಡ್ರೈವ್ ಮಾದರಿಗಳನ್ನು ಮಾರಿದ್ದಾರೆ; ಟೊಯೋಟಾ 1998ರಲ್ಲಿ ತಂದ ಟಕೋಮಾ ಪ್ರೀರನ್ನರ್ ಅಂಥದ್ದು. ನಿಮ್ಮ ಗಾಡಿಗೆ ಅಂಥ ಎತ್ತರದ ಸೋದರ ಇದ್ದರೆ, ಅದರ ಯಾವ ಭಾಗಗಳು ನೇರವಾಗಿ ಕೂರುತ್ತವೆ ಎಂಬುದನ್ನು ಪಾರ್ಟ್ ನಂಬರ್ ಹೋಲಿಸಿ ನೋಡಿ. ಹಿಂದಿನ ಸ್ಪ್ರಿಂಗುಗಳು ಹಲವು ಸಲ ಕೂರುತ್ತವೆ, ಮುಂದಿನ ಭಾಗಗಳು ಚಾಸಿಯೇ ಬೇರೆಯಾಗಿದ್ದರೆ ಕೂರುವುದಿಲ್ಲ.

ಹಿಂಭಾಗದ ಕೆಲಸ ಸುಲಭ, ಆದ್ದರಿಂದಲೇ ಅಲ್ಲಿ ಅಜಾಗರೂಕತೆ ಹೆಚ್ಚು. ಆಕ್ಸಲ್ಲಿಗೂ ಲೀಫ್ ಸ್ಪ್ರಿಂಗಿಗೂ ನಡುವೆ ಬ್ಲಾಕ್ ಇಟ್ಟರೆ ಅದರ ದಪ್ಪದಷ್ಟೇ ಎತ್ತರ ಬರುತ್ತದೆ, ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಬ್ಲಾಕ್ ಕಬ್ಬಿಣದ್ದೋ ಗಟ್ಟಿ ಅಲ್ಯೂಮಿನಿಯಮ್ಮಿನದೋ ಆಗಿರಬೇಕು, ಒಂದೇ ಇರಬೇಕು, ಅದರ ಗೂಟ ಆಕ್ಸಲ್ ಸೀಟಿನ ತೂತಿನಲ್ಲಿ ಅಲುಗಾಡದಂತೆ ಕೂರಬೇಕು. ಗೂಟ ಸಡಿಲವಿದ್ದರೆ ಹೌಸಿಂಗ್ ಒಂದು ಬದಿಗೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಯು-ಬೋಲ್ಟುಗಳು ಹೊಸವೇ ಆಗಬೇಕು; ಒಮ್ಮೆ ಬಿಗಿಗೊಂಡು ಹಿಗ್ಗಿದ ಹಳೆಯ ಬೋಲ್ಟು ಎರಡನೇ ಸಲ ಅದೇ ಬಿಗಿತವನ್ನು ಹಿಡಿದಿಡುವುದಿಲ್ಲ. ಮೂರು ಇಂಚು ಮೀರಿದ ಬ್ಲಾಕನ್ನು ನಾನು ಹಾಕುವುದಿಲ್ಲ, ಏಕೆಂದರೆ ಬ್ಲಾಕ್ ಎತ್ತರವಾದಷ್ಟೂ ಎಂಜಿನ್ನಿನ ಎಳೆತಕ್ಕೆ ಸ್ಪ್ರಿಂಗ್ ‘ಎಸ್’ ಆಕಾರದಲ್ಲಿ ಹೊರಳುವುದು ಹೆಚ್ಚುತ್ತದೆ. ಹೆಚ್ಚುವರಿ ಪ್ಲೇಟು ಸೇರಿಸುವುದಾದರೆ ಉದ್ದನೆಯದನ್ನು ಸೇರಿಸಿ. ಮೋಟು ಪ್ಲೇಟು ನಡುವೆ ಮಾತ್ರ ಗಡುಸಾಗಿಸಿ ಖಾಲಿ ಗಾಡಿಯನ್ನು ಕುಣಿಸುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಉದ್ದ ಮಾಡಿದರೆ ಹೆಚ್ಚಿದ ಉದ್ದದ ಅರ್ಧದಷ್ಟು ಮಾತ್ರ ಎತ್ತರ ಸಿಗುತ್ತದೆ, ಪಿನಿಯನ್ ಮೂತಿಯೂ (ಗೇರ್ ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್ಲನ್ನು ಸೇರುವ ತುದಿ) ಮೇಲಕ್ಕೆ ತಿರುಗುತ್ತದೆ. ಸ್ಪ್ರಿಂಗು ಆಕ್ಸಲ್ಲಿನ ಕೆಳಗಿರುವ ಗಾಡಿಗಳಲ್ಲಿ ಅದನ್ನು ಮೇಲಕ್ಕೆ ತರುವ ಪದ್ಧತಿಯೂ ಇದೆ. ಒಮ್ಮೆಲೇ ಐದಾರು ಇಂಚು ಏರುವ ಆ ಕೆಲಸ ಕಡಿಮೆ ಖರ್ಚಿನದೆಂದು ಶುರುವಾಗಿ ಹಾಗೆ ಮುಗಿದದ್ದನ್ನು ನಾನು ಕಂಡಿಲ್ಲ.

ಪಿನಿಯನ್ ಕೋನದ ಮಾತು ಬಂತು. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯಲ್ಲಿ ಸಾಮಾನ್ಯ ಯೂನಿವರ್ಸಲ್ ಜಾಯಿಂಟ್ (ಕೋನದಲ್ಲೂ ತಿರುಗಬಲ್ಲ ಕೀಲು) ಇದ್ದಾಗ, ಗೇರ್ ಬಾಕ್ಸಿನ ಔಟ್‌ಪುಟ್ ಶಾಫ್ಟೂ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಆಗ ಒಂದು ಜಾಯಿಂಟ್ ಹುಟ್ಟಿಸುವ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇದು ತಪ್ಪಿದರೆ ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಸಲ ಬರುವ ಅದುರು ಸೀಟಿನವರೆಗೂ ತಲುಪುತ್ತದೆ. ಎರಡು ತುಂಡಿನ ಶಾಫ್ಟ್ ಇದ್ದರೆ ನಡುವಿನ ಬೇರಿಂಗಿಗೆ ವಾಷರ್ ಕೊಟ್ಟು ಸ್ವಲ್ಪ ಕೆಳಗಿಳಿಸುವುದರಿಂದ ಹಲವು ಸಲ ಸರಿಹೋಗುತ್ತದೆ.

ಹಣವಿಲ್ಲದೆ, ಬರೀ ಸ್ಪ್ಯಾನರ್‌ನಿಂದ ಆಗುವ, ಆದರೂ ಎಲ್ಲರೂ ಮರೆಯುವ ಕೆಲಸ ಒಂದಿದೆ. ಹಳೆಯ ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಚಾಸಿಯ ಮೇಲಿನ ಒಂದು ವಾಲ್ವಿಗೆ ತೆಳುವಾದ ಕಡ್ಡಿಯೊಂದು ಹೋಗಿರುತ್ತದೆ. ಭಾರಕ್ಕೆ ಹಿಂಭಾಗ ಕುಸಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಖಾಲಿಯಿದ್ದು ಎದ್ದಾಗ ಕಡಿಮೆ ಒತ್ತಡ ಕೊಡುವುದು ಅದರ ಕೆಲಸ. ನಾವು ಹಿಂಭಾಗವನ್ನು ಎರಡು ಇಂಚು ಎತ್ತರಿಸಿದ ಕ್ಷಣದಿಂದ ಆ ವಾಲ್ವಿನ ಪಾಲಿಗೆ ಗಾಡಿ ಸದಾ ಖಾಲಿ. ಪೂರ್ತಿ ಭಾರ ಹೊತ್ತು ಇಳಿಜಾರು ಇಳಿಯುವಾಗಲೂ ಹಿಂದಿನ ಬ್ರೇಕಿಗೆ ಬರುವ ಒತ್ತಡ ಅರೆಮನಸ್ಸಿನದು, ಎಲ್ಲ ಹೊರೆಯೂ ಮುಂದಿನ ಪ್ಯಾಡುಗಳ ಮೇಲೆ. ಮುಂದಿನ ಡಿಸ್ಕ್ ನೀಲಿಗಟ್ಟಿ, ಹಿಂದಿನ ಲೈನರ್ ಹೊಸದರಂತೆ ಉಳಿದಿದ್ದ ಗಾಡಿಯೊಂದರಲ್ಲಿ ನಾನು ಮಾಡಿದ್ದು, ಕಡ್ಡಿಯ ಬ್ರ್ಯಾಕೆಟ್ಟನ್ನು ಬ್ಲಾಕಿನ ದಪ್ಪದಷ್ಟೇ ಮೇಲಕ್ಕೆತ್ತಿದ ಅರ್ಧ ಗಂಟೆಯ ಕೆಲಸ.

ಎತ್ತರಕ್ಕೆ ಎಲ್ಲಿ ಮಿತಿ ಹಾಕಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿ ಮಗುಚುವಿಕೆಯನ್ನು ಎಷ್ಟು ತಡೆಯಬಲ್ಲದು ಎಂಬ ಅಂದಾಜು ಸಿಗುತ್ತದೆ. ಅಂತರ 1,500 ಮಿ.ಮೀ., ಕೇಂದ್ರದ ಎತ್ತರ 700 ಮಿ.ಮೀ. ಆದರೆ ಅದು 1.07, ಕೇಂದ್ರ 50 ಮಿ.ಮೀ. ಏರಿದರೆ 1.00ಕ್ಕೆ ಇಳಿಯುತ್ತದೆ. ಅದರ ಮೇಲೆ ಡಾಲಾ (ಹಿಂದಿನ ಸರಕಿನ ತೊಟ್ಟಿ) ತುಂಬ ಎತ್ತರದ ಹೊರೆ ಹೇರಿದಾಗ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಭಾರ ಹೊರುವ ಗಾಡಿಗೆ ನಾನು ಎರಡು ಇಂಚಿಗೇ ನಿಲ್ಲಿಸುವುದು ಇದೇ ಕಾರಣಕ್ಕೆ. ಚಾಸಿಗೂ ಕ್ಯಾಬಿನ್ನಿಗೂ ನಡುವೆ ಬ್ಲಾಕ್‌ಗಳನ್ನು ಇಟ್ಟು ಬಾಡಿಯನ್ನು ಮಾತ್ರ ಎತ್ತುವ ಕ್ರಮವನ್ನು ಕೇಳುವವರೂ ಇದ್ದಾರೆ. ದೊಡ್ಡ ಟೈರಿಗೆ ಜಾಗವಾಗುತ್ತದೆ ಎಂಬುದನ್ನು ಬಿಟ್ಟರೆ ಅದರಿಂದ ಗಾಡಿಯ ಅಡಿಗೆ ಏನೂ ಸಿಗುವುದಿಲ್ಲ.

ಎಲ್ಲ ಮುಗಿದ ಮೇಲೆ ಕ್ಯಾಂಬರ್ (ಚಕ್ರದ ತಲೆ ಒಳಹೊರಗೆ ವಾಲುವಿಕೆ), ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಹಿಂದುಮುಂದಿನ ವಾಲುವಿಕೆ), ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮೂರನ್ನೂ ಸರಿಪಡಿಸದೆ ಗಾಡಿಯನ್ನು ರಸ್ತೆಗಿಳಿಸಬಾರದು. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈರಾಡ್‌ಗಳು ಕೆಳಕ್ಕೆ ಬಾಗಿದ ಕೂಡಲೇ ಟೋ ಬದಲಾಗಿರುತ್ತದೆ, ಒಂದೇ ತಿಂಗಳಲ್ಲಿ ಟೈರಿನ ಅಂಚು ಗರಗಸದಂತಾಗುತ್ತದೆ. ಚಕ್ರ ಪೂರ್ತಿ ಇಳಿದಾಗ ಬ್ರೇಕ್ ಹೋಸ್, ಎಬಿಎಸ್ ವೈರು, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯುತ್ತಿಲ್ಲವೆಂದು, ಶಾಕ್ ಅಬ್ಸಾರ್ಬರ್ ತಾನೇ ತಡೆಯಾಗಿ ನಿಲ್ಲುತ್ತಿಲ್ಲವೆಂದು ಕಣ್ಣಾರೆ ನೋಡಬೇಕು. ಹೆಡ್‌ಲೈಟನ್ನು ಗೋಡೆಗೆ ಬಿಟ್ಟು ಮತ್ತೆ ಹೊಂದಿಸಬೇಕು. ನೋಂದಣಿಯ ನಿಯಮ ಮತ್ತು ವಿಮೆಯ ಷರತ್ತುಗಳನ್ನು ಕೆಲಸಕ್ಕೆ ಮೊದಲೇ ಕೇಳಿಕೊಂಡಿರಬೇಕು. 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಗೊಳಿಸುವ ದಿನ ನಾಲ್ಕೂ ಚಕ್ರಗಳ ಎತ್ತರವನ್ನು ಪುನಃ ಅಳೆದು, ಚಾಲಕನ ಬಾಗಿಲಿನ ಒಳ ಅಂಚಿನಲ್ಲಿ ಮಾರ್ಕರ್‌ನಿಂದ ತಾರೀಖಿನೊಂದಿಗೆ ಬರೆದು ಕಳುಹಿಸುವುದು ನನ್ನ ಅಭ್ಯಾಸ. ವರ್ಷ ಕಳೆದು ಗಾಡಿ ಮತ್ತೆ ಬಂದಾಗ ಯಾವ ಮೂಲೆ ಎಷ್ಟು ಕುಸಿದಿದೆ ಎಂದು ಬಾಗಿಲು ತೆರೆದರೆ ತಿಳಿಯುತ್ತದೆ.