ಕಚ್ಚುವ ಮುನ್ನ ಗೊತ್ತಾಗಬೇಕು

ಕಗ್ಗತ್ತಲೆ. ತೊಟ್ಟಿಯ ನೀರಲ್ಲಿ ಮೊಸಳೆಯ ಹತ್ತಿರದ ಸಂಬಂಧಿಯಾದ ಅಲಿಗೇಟರ್‌ನ ಮರಿಯೊಂದು ಅರ್ಧ ಮುಳುಗಿ ಅಲ್ಲಾಡದೆ ಬಿದ್ದುಕೊಂಡಿದೆ. ಕಣ್ಣಿಗೆ ಏನೂ ಕಾಣದು, ಕಿವಿಗೂ ಏನೂ ತಿಳಿಯದ ಹಾಗೆ ಏರ್ಪಾಡಾಗಿದೆ. ಅಷ್ಟರಲ್ಲಿ ಒಂದೇ ಒಂದು ಹನಿ ನೀರಿಗೆ ಬೀಳುತ್ತದೆ. ಮರಿ ತಟ್ಟನೆ ಆ ಕಡೆಗೇ ಮುಖ ತಿರುಗಿಸುತ್ತದೆ. ಆಮೇಲೆ ಅದರ ದವಡೆಯ ಮೇಲಿನ ಪುಟ್ಟ ಚುಕ್ಕೆಗಳಿಗೆ ಪ್ಲಾಸ್ಟಿಕ್ ಲೇಪ ಬಳಿದು ಮತ್ತೆ ಹನಿ ಬೀಳಿಸಿದರೆ, ಮರಿ ಮಿಸುಕುವುದೇ ಇಲ್ಲ.

ಇದು ಜೀವವಿಜ್ಞಾನಿ ಡಾಫ್ನಿ ಸೋರೆಸ್ 2002ರಲ್ಲಿ ಪ್ರಕಟಿಸಿದ ಪ್ರಯೋಗ. ಅಪಾಯಕಾರಿ ಪ್ರಾಣಿಗಳ ಮಾತು ಬಂದಾಗಲೆಲ್ಲ ನಾವು ಹಲ್ಲಿನ ಉದ್ದ, ಪಂಜದ ಬಲ, ವಿಷದ ತೀವ್ರತೆಯನ್ನೇ ಅಳೆಯುತ್ತ ಕೂರುತ್ತೇವೆ. ಆದರೆ ಹಲ್ಲಿಗೆ ಕೆಲಸ ಸಿಗುವುದು ಕಡೆಯ ಗಳಿಗೆಯಲ್ಲಿ. ಬೇಟೆ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ಅದಕ್ಕೂ ಮೊದಲೇ ತಿಳಿದಿರಬೇಕು. ಬೇಟೆಗಾರ ಪ್ರಾಣಿಯ ನಿಜವಾದ ಆಯುಧ ಈ ತಿಳಿವು ಎಂದೇ ನನ್ನ ನಂಬಿಕೆ.

ಮೊಸಳೆಯನ್ನೇ ನೋಡಿ. 2012ರಲ್ಲಿ ಗ್ರೆಗರಿ ಎರಿಕ್ಸನ್ ಮತ್ತು ಸಂಗಡಿಗರು ಮೊಸಳೆ ಕುಲದ 23 ಪ್ರಭೇದಗಳ ಕಡಿತದ ಬಲವನ್ನು ಅಳೆದರು. ಉಪ್ಪುನೀರಿನ ಮೊಸಳೆ 16,000 ನ್ಯೂಟನ್‌ಗೂ ಮೀರಿದ ಬಲದಿಂದ ಕಚ್ಚಿತು, ಅಂದರೆ ಒಂದೂವರೆ ಟನ್ನಿಗೂ ಹೆಚ್ಚಿನ ಭಾರ ಹೇರಿದ ಹಾಗೆ. ಆದರೆ ಈ ಬಲವೆಲ್ಲ ಬಾಯಿ ಮುಚ್ಚುವ ಸ್ನಾಯುಗಳದ್ದು. ತೆರೆಯುವ ಸ್ನಾಯುಗಳು ಎಷ್ಟು ದುರ್ಬಲವೆಂದರೆ, ಮುಚ್ಚಿದ ಬಾಯಿಗೆ ನಾಲ್ಕು ಸುತ್ತು ಗಟ್ಟಿ ಟೇಪ್ ಸುತ್ತಿದರೆ ಸಾಕು, ಬಿಚ್ಚಲಾಗದು. ಮೊಸಳೆ ಹಿಡಿಯುವವರು ಮಾಡುವುದೂ ಅದನ್ನೇ.

ಅದೇ ವರ್ಷ ಡಂಕನ್ ಲೀಚ್ ಮತ್ತು ಕೆನೆತ್ ಕಟಾನಿಯಾ ದವಡೆಯ ಮೇಲಿನ ಆ ಚುಕ್ಕೆಗಳನ್ನು ಇನ್ನಷ್ಟು ಹತ್ತಿರದಿಂದ ಪರೀಕ್ಷಿಸಿದರು. ಅಲಿಗೇಟರ್‌ನಲ್ಲಿ ಸುಮಾರು 4,000 ಚುಕ್ಕೆಗಳು, ಎಲ್ಲವೂ ಮುಖದ ಮೇಲೆ. ನೈಲ್ ಮೊಸಳೆಯಲ್ಲಿ ಸುಮಾರು 9,000, ಮೈಯೆಲ್ಲ ಹರಡಿಕೊಂಡಿವೆ. ಗುಂಡುಸೂಜಿಯ ತಲೆಯಷ್ಟಿರುವ ಈ ಗುಬುಟುಗಳ ಅಡಿಯಲ್ಲಿ ನರಗಳ ತುದಿಗಳು ಒತ್ತೊತ್ತಾಗಿವೆ. ಸ್ಪರ್ಶವನ್ನು ಗ್ರಹಿಸುವುದರಲ್ಲಿ ಅವು ನಮ್ಮ ಬೆರಳ ತುದಿಯನ್ನೂ ಮೀರಿಸುತ್ತವೆ. ಮೂಳೆ ಪುಡಿಮಾಡುವ ದವಡೆಯೇ ಆ ಮೈಯಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗವೂ ಹೌದು! ಇದನ್ನು ಮೊದಲ ಸಲ ಓದಿದ ದಿನ ನಾನು ಬಹಳ ಹೊತ್ತು ಬೇರೆ ಏನನ್ನೂ ಯೋಚಿಸಲಾಗಲಿಲ್ಲ.

ಶಾರ್ಕ್‌ನ ಮೂತಿಯಲ್ಲಿರುವ ಲೋಳೆ ತುಂಬಿದ ಸಣ್ಣ ರಂಧ್ರಗಳನ್ನು ಇಟಲಿಯ ಸ್ಟೆಫಾನೊ ಲೊರೆಂಝಿನಿ 1678ರಲ್ಲೇ ವರ್ಣಿಸಿದ್ದ. ಅವು ಯಾತಕ್ಕೆ ಎಂಬ ಪ್ರಶ್ನೆ ಮಾತ್ರ ಶತಮಾನಗಳ ಕಾಲ ಉಳಿದೇ ಹೋಯಿತು. 1971ರಲ್ಲಿ ಏಡ್ರಿಯನಸ್ ಕಾಲ್ಮೈನ್ ಚಪ್ಪಟೆ ಮೀನೊಂದನ್ನು ಮರಳಿನಡಿ ಹೂತು, ಅದರ ಮೇಲೆ ಅಗರ್ ಎಂಬ ಲೋಳೆಯಂಥ ಗಟ್ಟಿ ಪದಾರ್ಥದ ಗೂಡು ಕವುಚಿದ. ಮೀನು ಕಾಣದು, ವಾಸನೆಯೂ ನೇರವಾಗಿ ಮೇಲೆ ಬಾರದು, ಆದರೆ ವಿದ್ಯುತ್ ಹಾಯಬಲ್ಲದು. ಸಣ್ಣ ಶಾರ್ಕ್ ನೆಟ್ಟಗೆ ಮೀನಿನ ಮೇಲೆಯೇ ಎರಗಿತು. ಗೂಡಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ವಿದ್ಯುತ್ತನ್ನೂ ತಡೆದಾಗ, ಅದೇ ಶಾರ್ಕ್ ಮೇಲಿಂದಲೇ ಈಜಿಕೊಂಡು ಹೋಯಿತು. ಕಡೆಗೆ ಮೀನನ್ನೇ ತೆಗೆದು ಬರೀ ವಿದ್ಯುದ್ವಾರಗಳನ್ನು ಹೂತಿಟ್ಟರೆ, ಅವನ್ನೇ ಬೇಟೆಯೆಂದು ಅಗೆಯತೊಡಗಿತು. ಜೀವವಿರುವ ಮೈಯಿಂದ ನೀರಿಗೆ ಸದಾ ಸೋರುವ ಕ್ಷೀಣ ವಿದ್ಯುತ್ತು ಸಾಕು. ಅಡಗಿದ ಮೀನು ಉಸಿರಾಡದೆ ಇರಲಾರದು, ಉಸಿರಾಡಿದರೆ ಸುಳಿವು ಸಿಕ್ಕೇ ಸಿಗುತ್ತದೆ.

ಕಣಜ ಗೂಬೆಗೆ ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ. ಈ ಏರುಪೇರಿನಿಂದಲೇ ಅದು ಕತ್ತಲಲ್ಲಿ ಇಲಿಯ ಸರಪರ ಸದ್ದು ಎಷ್ಟು ಕೆಳಗಿನಿಂದ ಬಂತೆಂದು ಗುರುತಿಸುತ್ತದೆ. ಬುಡುಬುಡಿಕೆ ಹಾವಿಗೆ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಇರುವ ಕುಳಿಯೇ ಶಾಖ ಗ್ರಹಿಸುವ ಇಂದ್ರಿಯ.

ಬರೀ ಬಲವೇ ಎಲ್ಲ ಆಗಿದ್ದರೆ ಸಿಂಹಕ್ಕೆ ಉಪವಾಸ ಇರುತ್ತಿರಲಿಲ್ಲ. ಅದು ಬೆನ್ನಟ್ಟಿದ ನಾಲ್ಕರಲ್ಲಿ ಸುಮಾರು ಮೂರು ಸಲ ಬೇಟೆ ತಪ್ಪಿಸಿಕೊಳ್ಳುತ್ತದೆ. ಏರೋಪ್ಲೇನ್ ಚಿಟ್ಟೆಯಾದರೋ ನೂರಕ್ಕೆ 95ರಷ್ಟು ಸಲ ಗುರಿ ಮುಟ್ಟುತ್ತದೆ. ಅದು ಸೊಳ್ಳೆಯ ಬೆನ್ನು ಹತ್ತುವುದಿಲ್ಲ, ಸೊಳ್ಳೆ ಇನ್ನು ಎಲ್ಲಿಗೆ ಬರಲಿದೆಯೋ ಅಲ್ಲಿಗೆ ಹಾರುತ್ತದೆ. ಗುರಿಯ ದಿಕ್ಕನ್ನು ತಲೆಯಿಂದ ರೆಕ್ಕೆಯತ್ತ ಒಯ್ಯುವುದಕ್ಕೆ ಅದಕ್ಕಿರುವುದು 8 ಜೋಡಿ ವಿಶೇಷ ನರಕೋಶಗಳು.

ಮತ್ತೆ ಆ ದವಡೆಗೆ ಬರುತ್ತೇನೆ. ಮೊಟ್ಟೆಯೊಳಗಿನ ಮರಿಗಳು ಕೂಗತೊಡಗಿದಾಗ ನೈಲ್ ಮೊಸಳೆಯ ತಾಯಿ ಗೂಡು ಅಗೆದು, ಮರಿಗಳನ್ನು ಬಾಯಲ್ಲೇ ಕಚ್ಚಿಕೊಂಡು ನೀರಿಗೆ ಒಯ್ಯುತ್ತದೆ. ಚಿಪ್ಪು ಒಡೆಯಲಾರದೆ ಒದ್ದಾಡುವ ಮರಿಯಿದ್ದರೆ, ಮೊಟ್ಟೆಯನ್ನೇ ಬಾಯೊಳಗಿಟ್ಟು ನಾಲಿಗೆಗೂ ಅಂಗುಳಿಗೂ ನಡುವೆ ಮೆಲ್ಲಗೆ ಹೊರಳಿಸಿ ಒಡೆಯುತ್ತದೆ. ಆ ಹಲ್ಲುಗಳ ಸಂದಿಯಿಂದಲೇ ಮರಿ ಹೊರಗೆ ಇಣುಕುತ್ತದೆ.