ಒಂದೇ ಕೋವಿ ಇಟ್ಟುಕೊಳ್ಳುವುದಾದರೆ

ಅಂಗಡಿಗೆ ತೋಟಾ ಬರುವುದು ನಿಂತು, ಕೆಟ್ಟದ್ದನ್ನು ಸರಿಮಾಡಿಕೊಡುವ ಕೈಯೂ ಸಿಗದೆ, ಒಂದು ಮನೆ ವರ್ಷಗಟ್ಟಲೆ ತನ್ನಲ್ಲಿರುವುದರಿಂದಲೇ ಬಾಳಬೇಕಾಗಿ ಬಂದರೆ, ಆ ಮನೆಯಲ್ಲಿರಬೇಕಾದ ಒಂದೇ ಒಂದು ಕೋವಿ ಯಾವುದು? ಈ ಪ್ರಶ್ನೆ ಎದ್ದಾಗಲೆಲ್ಲ ಬಲದ ಮಾತೇ ಮುಂದಾಗುತ್ತದೆ. ಯಾವುದು ಹೆಚ್ಚು ದೂರ ಹೊಡೆಯುತ್ತದೆ, ಯಾವುದು ದೊಡ್ಡ ಪ್ರಾಣಿಯನ್ನು ಒಂದೇ ಈಡಿಗೆ ಕೆಡವುತ್ತದೆ ಎಂದು ಹೋಲಿಸಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ತೋಟಾವನ್ನು, ಆಮೇಲೆ ಕೋವಿ ಸಿಡಿಯಲಿರುವ ನೆಲವನ್ನು. ಈ ಎರಡನ್ನು ಸರಿಯಾಗಿ ಅರಿತರೆ ಕೋವಿಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ. ನೆಲವೆಂದರೆ ಇಲ್ಲಿ ನಮ್ಮ ನೆಲವೇ: ದಾವಣಗೆರೆಯ ಮೆಕ್ಕೆಜೋಳದ ಬಯಲು, ಜಗಳೂರು ಮತ್ತು ಚಳ್ಳಕೆರೆ ಕಡೆಯ ಕುರುಚಲು, ಚಿತ್ರದುರ್ಗದ ಸುತ್ತಲಿನ ಬಂಡೆಗುಡ್ಡಗಳು.

ಕೋವಿ ಈ ನೆಲದಲ್ಲಿ ಏನು ಮಾಡಬಲ್ಲದು ಎಂಬುದನ್ನು ಮೊದಲು ಅಳೆಯೋಣ. ಈ ಸೀಮೆ ಕಂಡ ದೀರ್ಘ ಸಂಕಟವೆಂದರೆ ಬರಗಾಲ. ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರದಷ್ಟಿದ್ದ ಜನಸಂಖ್ಯೆ, 1876–78ರ ಕ್ಷಾಮದ ನಂತರ 1881ರಲ್ಲಿ ನಡೆದ ಗಣತಿಯಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಅಂಥ ಕಾಲದಲ್ಲಿ ಬೇಟೆ ಊಟಕ್ಕೆ ದಾರಿಯಾದೀತೇ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಐದು ಜನರ ಕುಟುಂಬಕ್ಕೆ ದಿನಕ್ಕೆ ಸುಮಾರು 10,000 ಕಿಲೋಕ್ಯಾಲೊರಿ ಬೇಕು; ಮೂರು ಕಿಲೋ ರಾಗಿ ಅದನ್ನು ಕೊಡುತ್ತದೆ. ನಮ್ಮ ಕಡೆಯ ಒಂದು ಮೊಲದಲ್ಲಿ ಸಿಗುವ ಮಾಂಸ ಹೆಚ್ಚೆಂದರೆ ಒಂದೂಕಾಲು ಕಿಲೋ, ಅದರಿಂದ ದೊರೆಯುವ ಶಕ್ತಿ 1,300–1,400 ಕಿಲೋಕ್ಯಾಲೊರಿ. ಅಂದರೆ ಮೂರು ಕಿಲೋ ರಾಗಿಯ ಜಾಗವನ್ನು ತುಂಬಲು ದಿನಕ್ಕೆ ಏಳೆಂಟು ಮೊಲ ಬೇಕು. ಸಿಕ್ಕರೂ ಅದರಿಂದಲೇ ಬದುಕಲಾಗದು. ಮೊಲದ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಬರೀ ಪ್ರೋಟೀನಿನಿಂದ ಬರುವ ಸಾರಜನಕವನ್ನು ಯೂರಿಯಾ ಆಗಿ ಮಾರ್ಪಡಿಸಲು ನಮ್ಮ ಯಕೃತ್ತಿಗೆ ಒಂದು ಮಿತಿಯಿದ್ದು, ಆ ಮಿತಿ ದಾಟಿದಾಗ ಹೊಟ್ಟೆ ತುಂಬ ತಿಂದವರೂ ಸೊರಗಿ ಕಾಯಿಲೆ ಬೀಳುತ್ತಾರೆ. ಇಷ್ಟಕ್ಕೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಇಂದು ಕಾಡುಪ್ರಾಣಿಯ ಬೇಟೆ ಅಪರಾಧ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗೆಂದೇ ಒಂದು ವನ್ಯಧಾಮ ಮಾಡಿ ಉಳಿಸಿಕೊಂಡಿರುವ ನಾವು, ಕಷ್ಟಕಾಲದ ಯೋಜನೆಯಲ್ಲೂ ಆ ಪ್ರಾಣಿಗಳನ್ನು ಉಗ್ರಾಣವೆಂದು ಎಣಿಸಬಾರದು. ಹೊಲದಲ್ಲಿರುವ ಬೆಳೆ, ಹಗೇವಿನಲ್ಲಿರುವ ಕಾಳು, ದೊಡ್ಡಿಯಲ್ಲಿರುವ ಕುರಿ, ಮನೆಯಲ್ಲಿರುವ ಜನ, ಇವುಗಳ ಕಾವಲೇ ಇಲ್ಲಿ ಕೋವಿಗೆ ಉಳಿಯುವ ಕೆಲಸ.

ಆ ಕೆಲಸಕ್ಕೆ ಮೂರು ಬಗೆಯ ತೋಟಾಗಳನ್ನು ಹೋಲಿಸಬಹುದು. ಮೊದಲನೆಯದು .22 ರೈಫಲಿನ ಪುಟ್ಟ ತೋಟಾ (ಈ ಅಂಕಿ ನಳಿಗೆಯ ಒಳವ್ಯಾಸವನ್ನು ಸುಮಾರಾಗಿ ಅಂಗುಲದಲ್ಲಿ ಹೇಳುತ್ತದೆ). ಅದರ ಗುಂಡು 2.6 ಗ್ರಾಂ, ನಳಿಗೆಯ ಬಾಯಿಯಲ್ಲಿ ಅದರ ಚಲನಶಕ್ತಿ 140 ಜೌಲ್ ಆಸುಪಾಸು. ಇಡೀ ತೋಟಾದ ತೂಕ ಮೂರೂವರೆ ಗ್ರಾಂ ಕೂಡ ಇಲ್ಲದಿರುವುದರಿಂದ ನೂರು ತೋಟಾ ಒಂದು ಹಿಡಿಯಲ್ಲಿ ಬರುತ್ತವೆ. ಎರಡನೆಯದು .315 ರೈಫಲಿನದು. ಲೀ-ಎನ್‌ಫೀಲ್ಡ್ ಸೇನಾ ರೈಫಲಿನ ಬೋಲ್ಟ್ ರಚನೆಯನ್ನೇ ಇಟ್ಟುಕೊಂಡು ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆ ನಾಗರಿಕರಿಗಾಗಿ ತಯಾರಿಸಿದ ಈ ರೈಫಲಿನ ಗುಂಡು ಸುಮಾರು 16 ಗ್ರಾಂ ತೂಗುತ್ತದೆ, ಶಕ್ತಿ 2,500 ಜೌಲ್ ಮೀರುತ್ತದೆ. ಮೂರನೆಯದು ಹನ್ನೆರಡು ಬೋರ್ ಎಂಬ ಅಗಲ ನಳಿಗೆಯ ಕೋವಿಯ ಚರೆ ತೋಟಾ; ಅದರಲ್ಲಿ ಒಂಟಿ ಗುಂಡಿನ ಬದಲು ಚರೆ, ಅಂದರೆ ಸೀಸದ ಸಣ್ಣ ಉಂಡೆಗಳು ಇರುತ್ತವೆ. 28 ಗ್ರಾಂ ಸೀಸದ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಒಟ್ಟು ಶಕ್ತಿ 2,200 ಜೌಲ್ ದಾಟುತ್ತದೆ. ಆದರೆ ಆ ಶಕ್ತಿ ನೂರಾರು ಚರೆಗಳಲ್ಲಿ ಹಂಚಿಹೋಗಿರುತ್ತದೆ. ಒಂದು ತೋಟಾದ ತೂಕ 40 ಗ್ರಾಂ ಹತ್ತಿರ.

ಹೊರದೇಶಗಳಲ್ಲಿ ಇದೇ ಪ್ರಶ್ನೆಗೆ .22 ಎಂದು ಉತ್ತರಿಸುವವರು ಕೊಡುವ ಮುಖ್ಯ ಕಾರಣ, ಸಾವಿರಾರು ತೋಟಾಗಳನ್ನು ಕೂಡಿಡಬಹುದು ಎಂಬುದು. ನಮ್ಮಲ್ಲಿ ಆ ಕಾರಣ ನಿಲ್ಲುವುದಿಲ್ಲ. ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ. ಹಾಗಾಗಿ ತೂಕದ ಲಾಭ ಕಾಗದದ ಮೇಲೇ ಉಳಿಯುತ್ತದೆ. ಇನ್ನೊಂದು ತೊಡಕೂ ಇದೆ. ಹೊಡೆತಕ್ಕೆ ಕಿಡಿ ಕೊಡುವ ರಾಸಾಯನಿಕವನ್ನು .22 ತೋಟಾದಲ್ಲಿ ಹಿತ್ತಾಳೆಯ ಅಂಚಿನ ಮಡಿಕೆಯೊಳಗೆ ತುಂಬಿರುತ್ತಾರೆ. ಅದು ಅಂಚಿನ ಸುತ್ತ ಎಲ್ಲಾದರೂ ಒಂದು ಕಡೆ ಸರಿಯಾಗಿ ಹರಡಿಲ್ಲದೆ ಇದ್ದು, ಕೋವಿಯ ಹೊಡೆಯುವ ಸೂಜಿ ಅಲ್ಲಿಗೇ ಬಡಿದರೆ ತೋಟಾ ಹಾರುವುದಿಲ್ಲ. ಕಿಡಿ ಕೊಡುವ ರಾಸಾಯನಿಕ ತುಂಬಿದ ಪ್ರತ್ಯೇಕ ಕೇಪು ನಡುವೆ ಇರುವ ತೋಟಾಗಳಲ್ಲಿ ಈ ದೋಷ ವಿರಳ. ದೊಡ್ಡಿಗೆ ಚಿರತೆ ನುಗ್ಗಿದ ರಾತ್ರಿ, ಅಥವಾ ಮೆಕ್ಕೆಜೋಳದ ಸಾಲಿನಿಂದ ಕರಡಿ ಎದುರಾದಾಗ, 140 ಜೌಲ್‌ನ ಗುಂಡು ಪ್ರಾಣಿಯನ್ನು ಕೆರಳಿಸಬಹುದೇ ಹೊರತು ತಡೆಯಲಾರದು. ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ ಹೊಡೆತವನ್ನು ವನ್ಯಜೀವಿ ಕಾಯ್ದೆಯೂ ಅಪರಾಧವೆನ್ನುವುದಿಲ್ಲ; ಆದರೆ ಗಾಯಗೊಂಡು ಓಡಿದ ಪ್ರಾಣಿ ಮರುದಿನ ಸೌದೆಗೆ ಹೋದವರ ಪಾಲಿಗೆ ಯಮನಾಗುತ್ತದೆ.

.315ಕ್ಕೆ ಬಲದ ಕೊರತೆಯಿಲ್ಲ. ಅದನ್ನು ನಾನು ಒಪ್ಪದಿರುವುದು ನೆಲದ ಕಾರಣಕ್ಕೆ, ಮತ್ತು ಈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಾರುವ ಸೀಸದ ತೂಕ ಅದರ ವ್ಯಾಸದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ, ಗಾಳಿ ತಡೆಯುವ ಮೇಲ್ಮೈ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಆದ್ದರಿಂದ ಚರೆ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಗಾಳಿಯ ತಡೆ ಹೆಚ್ಚು, ವೇಗ ಬೇಗ ಇಳಿಯುತ್ತದೆ. ಫ್ರೆಂಚ್ ಸೇನಾಧಿಕಾರಿ ಜುರ್ನೇ ಕಂಡುಕೊಟ್ಟ ಸರಳ ಸೂತ್ರವನ್ನು ನಮ್ಮ ಅಳತೆಗೆ ತಂದರೆ, ಚರೆಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು 80ರಿಂದ ಗುಣಿಸಿದಾಗ ಅದು ಹೋಗಿ ಬೀಳಬಲ್ಲ ಗರಿಷ್ಠ ದೂರ ಮೀಟರಿನಲ್ಲಿ ಸಿಗುತ್ತದೆ. 2.6 ಮಿಲಿಮೀಟರಿನ ಆರನೇ ನಂಬರ್ ಚರೆಗೆ ಅದು ಸುಮಾರು 210 ಮೀಟರ್, 4 ಮಿಲಿಮೀಟರ್ ಮೀರಿದ ಬಿಬಿ ಚರೆಗೆ 325 ಮೀಟರ್ ಆಸುಪಾಸು, 8.4 ಮಿಲಿಮೀಟರಿನ ಎಸ್‌ಜಿ ಚರೆಗೆ 670 ಮೀಟರ್ ಸುತ್ತಮುತ್ತ. ಗುರಿಯಿಟ್ಟು ಹೊಡೆಯಲು ಸಾಧ್ಯವಿರುವ ದೂರವಾದರೋ 35–40 ಮೀಟರ್ ಮಾತ್ರ. ರೈಫಲಿನ ಕಥೆ ಬೇರೆ. ನಳಿಗೆಯೊಳಗಿನ ತಿರುಚುಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಮೂತಿ ಮುಂದಾಗಿ ಹಾರುವಂತೆ ಮಾಡುವುದರಿಂದ ಪುಟ್ಟ .22 ಗುಂಡು ಕೂಡ ಒಂದು ಕಿಲೋಮೀಟರ್ ಮೀರಿ ಹೋಗಬಲ್ಲದು; .315ರ ಗುಂಡು ಅದಕ್ಕಿಂತ ಬಹುದೂರ ಸಾಗುತ್ತದೆ.

ಈಗ ದಾವಣಗೆರೆಯ ಬಯಲನ್ನು ನೆನೆಯಿರಿ. ತೆನೆ ಬಲಿಯುವ ಹೊತ್ತಿಗೆ ಕಾಡುಹಂದಿಯ ಕಾಟಕ್ಕೆ ಒಂದು ಹೊಲದಲ್ಲಿ ಒಬ್ಬರು ಅಟ್ಟಣೆಯ ಮೇಲೆ ಕುಳಿತಿದ್ದರೆ ಪಕ್ಕದ ಹೊಲದಲ್ಲಿ ಇನ್ನೊಬ್ಬರು ಕುಳಿತಿರುತ್ತಾರೆ. ಗುಂಡನ್ನು ನುಂಗಲು ಅಲ್ಲಿ ದಿಣ್ಣೆಯಿಲ್ಲ, ದಟ್ಟ ಮರಗಳಿಲ್ಲ. ಗುರಿ ತಪ್ಪಿದ ರೈಫಲ್ ಗುಂಡು ಮುಂದಿನ ಊರಿನ ಅಂಗಳದಲ್ಲಿ ನಿಲ್ಲಬಹುದು. ಚಿತ್ರದುರ್ಗದ ಕಡೆ ಬಂದರೆ ಎಲ್ಲೆಲ್ಲೂ ಬಂಡೆ. ಓರೆಯಾಗಿ ಬಂಡೆಗೆ ತಾಗಿದ ಒಂಟಿ ಗುಂಡು ದಿಕ್ಕು ಬದಲಿಸಿ, ಪ್ರಾಣ ತೆಗೆಯುವ ವೇಗದಲ್ಲೇ ಮುಂದಕ್ಕೆ ಹಾರುತ್ತದೆ. ಸಣ್ಣ ಚರೆಯೂ ಬಂಡೆಗೆ ಬಡಿದು ಪುಟಿಯುತ್ತದೆ, ಹತ್ತಿರದಲ್ಲಿರುವವರ ಕಣ್ಣಿಗೆ ಅಪಾಯ ತರುತ್ತದೆ. ಆದರೆ ಅದರ ಓಟ ಬೇಗ ಮುಗಿಯುತ್ತದೆ. ಜನ ಹರಡಿಕೊಂಡು ಬದುಕುವ ಬಯಲುಸೀಮೆಯಲ್ಲಿ ಕೋವಿಯ ಹೊಡೆತ ಬೇಗ ಸಾಯುವುದು ಒಂದು ದೊಡ್ಡ ಗುಣವೆಂದೇ ನಾನು ನಂಬಿದ್ದೇನೆ.

ಹನ್ನೆರಡು ಬೋರಿನ ಪರವಾಗಿ ಇರುವ ಇನ್ನೊಂದು ಕಾರಣ ನಳಿಗೆಯೊಳಗಿನ ಒತ್ತಡ. ಚರೆ ತೋಟಾ ಸಿಡಿದಾಗ ಒಳಗಿನ ಒತ್ತಡ ಸುಮಾರು 700 ಬಾರ್‌ಗೆ ಏರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಸೇನಾ ಬಗೆಯ ರೈಫಲುಗಳಲ್ಲಿ ಅದು 3,000 ಬಾರ್ ಮೀರುವುದುಂಟು. ಒತ್ತಡ ಕಡಿಮೆಯಿದ್ದಷ್ಟೂ ಉಕ್ಕು ಹೆಚ್ಚು ಕಾಲ ಬಾಳುತ್ತದೆ, ತೋಟಾದ ಒಳಗಿನ ಸರಕನ್ನು ಬದಲಿಸಲು ಅವಕಾಶ ಹೆಚ್ಚುತ್ತದೆ. ಅದೇ ನಳಿಗೆ ಕೊಕ್ಕರೆ ಓಡಿಸುವ ಸಣ್ಣ ಚರೆಯನ್ನೂ, ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಯನ್ನೂ, ಒಂಟಿ ಗುಂಡನ್ನೂ ಒಪ್ಪಿಕೊಳ್ಳುತ್ತದೆ. ಮೂರು ಕಿಲೋ ತೂಕದ ಕೋವಿ 28 ಗ್ರಾಂ ಚರೆಗೆ ಸುಮಾರು 25 ಜೌಲ್ ಶಕ್ತಿಯಿಂದ ಭುಜವನ್ನು ಒದೆಯುತ್ತದೆ. 24 ಗ್ರಾಂ ಚರೆಯ ತೋಟಾ ಹಾಕಿದರೆ ಆ ಒದೆತ 18 ಜೌಲ್ ಹತ್ತಿರಕ್ಕೆ ಇಳಿಯುತ್ತದೆ. ಮನೆಗೆ ಒಂದೇ ಕೋವಿ ಎಂದಾಗ ಅದನ್ನು ಎತ್ತಬೇಕಾದವರು ಗಂಡಸರಷ್ಟೇ ಎಂದುಕೊಳ್ಳುವುದು ತಪ್ಪು, ಆದ್ದರಿಂದ ಈ ಇಳಿಕೆ ಬಹಳ ಮುಖ್ಯ. ಸದ್ದು ಮಾತ್ರ ತೋಟಾ ಬದಲಿಸಿದರೂ ಹೆಚ್ಚು ತಗ್ಗದು. ಅದು 150 ಡೆಸಿಬೆಲ್‌ಗೂ ಮಿಗಿಲು, ಕಿವಿ ಮುಚ್ಚಿಕೊಳ್ಳದೆ ಹೊಡೆದರೆ ಒಂದೇ ಈಡಿಗೂ ಕಿವಿ ಕೆಡಬಹುದು.

ಹನ್ನೆರಡು ಬೋರಿನಲ್ಲೂ ನಾನು ಆರಿಸುವುದು ಜೋಡುನಳಿಗೆಯ, ಎರಡು ಟ್ರಿಗರ್ ಇರುವ, ನಡುಮುರಿದು ತೋಟಾ ಹಾಕುವ ಹಳೆಯ ಮಾದರಿಯನ್ನು. ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ಏರಿಸುವ ಪಂಪ್ ಕೋವಿಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ಮುರಿದರೂ ಇಡೀ ಕೋವಿ ನಿಂತುಹೋಗುತ್ತದೆ. ಎರಡು ಟ್ರಿಗರಿನ ಜೋಡುನಳಿಗೆಯಲ್ಲಿ ಪ್ರತಿ ನಳಿಗೆಗೂ ಪ್ರತ್ಯೇಕ ಸೂಜಿ, ಪ್ರತ್ಯೇಕ ಸ್ಪ್ರಿಂಗ್ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಬಲಗಡೆ ಸಣ್ಣ ಚರೆ, ಎಡಗಡೆ ಎಸ್‌ಜಿ ಹಾಕಿಟ್ಟುಕೊಂಡರೆ ಯಾವುದು ಬೇಕೆಂಬ ತೀರ್ಮಾನ ಬೆರಳಿನ ತುದಿಯಲ್ಲೇ ಆಗುತ್ತದೆ. ಮುರಿದು ನೋಡಿದರೆ ತೋಟಾ ಇದೆಯೋ ಇಲ್ಲವೋ ಎಂಬುದು ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ.

ತೋಟಾ ಎಷ್ಟು ವರ್ಷ ಬಾಳುತ್ತದೆ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ರೂಪಿಸಿದ ಹೊಗೆರಹಿತ ಮದ್ದಿನ ತಿರುಳು ನೈಟ್ರೋಸೆಲ್ಯುಲೋಸ್. ಇಂದಿನ ಕಾರ್ಖಾನೆ ತೋಟಾಗಳಲ್ಲಿರುವುದೂ ಅದೇ ವಂಶದ ಮದ್ದು. ಈ ವಸ್ತು ಸುಮ್ಮನಿದ್ದಾಗಲೂ ನಿಧಾನವಾಗಿ ವಿಘಟನೆಯಾಗಿ ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ, ಆ ಅನಿಲಗಳೇ ಮತ್ತೆ ವಿಘಟನೆಯನ್ನು ಚುರುಕುಗೊಳಿಸುತ್ತವೆ. ಇದನ್ನು ತಡೆಯಲು ಡೈಫೀನೈಲಮೀನ್‌ನಂಥ ಸ್ಥಿರಕಾರಿಯನ್ನು ಬೆರೆಸಿರುತ್ತಾರೆ. ಅದು ಆ ಆಕ್ಸೈಡುಗಳನ್ನು ಹೀರಿಕೊಂಡು ತಾನು ಸವೆಯುತ್ತಾ ಹೋಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಇಮ್ಮಡಿ ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಹೀಗಾಗಿ ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲಿ ತಗಡಿನ ಮಾಡಿನಡಿ ಇಟ್ಟ ತೋಟಾಕ್ಕೂ, ದಪ್ಪ ಮಣ್ಣಿನ ಮಾಳಿಗೆ ಮನೆಯ ಒಳಕೋಣೆಯಲ್ಲಿಟ್ಟ ತೋಟಾಕ್ಕೂ ಆಯುಸ್ಸಿನಲ್ಲಿ ಬಹಳ ಅಂತರವಿರುತ್ತದೆ. ತಂಪಾದ, ಒಣಗಿದ ಜಾಗದಲ್ಲಿ ಒಳ್ಳೆಯ ತೋಟಾ ದಶಕಗಳ ಕಾಲ ಕೆಲಸಕ್ಕೆ ಬರುತ್ತದೆ.

ಕಪ್ಪು ಮದ್ದಿನ ಸ್ವಭಾವ ಬೇರೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ಭಾರೀ ಕಲ್ಲುಗಳನ್ನು ಇವತ್ತಿಗೂ ನೋಡಬಹುದು. 1779ರಲ್ಲಿ ಹೈದರಾಲಿಗೆ ಕೋಟೆ ವಶವಾಗುವವರೆಗೂ ಪಾಳೆಯಗಾರರು ಆಳಿದ ಜಾಗವದು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಆ ಮಿಶ್ರಣ ಒಣಗಿದ್ದರೆ ಎಷ್ಟು ಕಾಲವಾದರೂ ಕೆಡುವುದಿಲ್ಲ. ಈ ಕಾರಣದಿಂದ, ಬಾಯಿಯಿಂದ ಮದ್ದು ತುಂಬುವ ನಾಡಕೋವಿಯೇ ದೀರ್ಘಕಾಲಕ್ಕೆ ಸರಿ ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ, ಆದರೆ ಅದಕ್ಕೂ ಕೇಪು ಬೇಕು, ಕೇಪು ಕಾರ್ಖಾನೆಯಿಂದಲೇ ಬರಬೇಕು. ಕಪ್ಪು ಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಘನರೂಪದಲ್ಲಿ ಉಳಿದು, ತೇವ ಹೀರಿ, ಒಂದೇ ಮಳೆಗಾಲದಲ್ಲಿ ನಳಿಗೆಯನ್ನು ತುಕ್ಕು ಹಿಡಿಸುತ್ತದೆ. ಒಮ್ಮೆ ತುಂಬಿದ ನಾಡಕೋವಿಯನ್ನು ಹಾರಿಸದೆ ಬರಿದುಮಾಡುವುದೂ ಸುಲಭವಲ್ಲ. ತುಂಬಿದ್ದನ್ನು ಮರೆತು ಗೋಡೆಗೆ ತೂಗುಹಾಕಿದ ಕೋವಿ ಮನೆಯವರನ್ನೇ ಬಲಿ ತೆಗೆದುಕೊಳ್ಳಬಲ್ಲದು.

ಕಾನೂನು ಕೂಡ ಹನ್ನೆರಡು ಬೋರಿನ ಆಯ್ಕೆಯ ಕಡೆಗೇ ವಾಲುತ್ತದೆ. ಶಸ್ತ್ರಾಸ್ತ್ರ ಕಾಯ್ದೆ 1959ರ 13ನೇ ಕಲಮು, ರಕ್ಷಣೆಗೆ ಅಥವಾ ಕ್ರೀಡೆಗೆ ಬೇಕಾದ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ (ಒಳಗೆ ತಿರುಚುಗೆರೆಗಳಿಲ್ಲದ, ಹನ್ನೆರಡು ಬೋರಿನಂಥ) ಕೋವಿಯನ್ನೂ, ಬೆಳೆ ರಕ್ಷಣೆಗೆ ಬೇಕಾದ ಬಾಯಿಮದ್ದಿನ ಕೋವಿಯನ್ನೂ ಹೆಸರಿಸಿಯೇ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯಿಲ್ಲದ ಕೋವಿಯ ವಿಚಾರವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕೈ ಪಳಗಿಸಿಕೊಳ್ಳಲು ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಒಳ್ಳೆಯ ಆರಂಭ.

ಅಜ್ಜನ ಕಾಲದ ಜೋಡುನಳಿಗೆ ಮನೆಯಲ್ಲೇ ಇದ್ದರೆ, ಅಥವಾ ಪರವಾನಗಿಯ ಮೇಲೆ ಹಳೆಯದನ್ನು ಕೊಳ್ಳುವುದಾದರೆ, ಮೊದಲು ತೋಟಾ ಕೂರುವ ಕೋಣೆಯ ಉದ್ದವನ್ನು ತಿಳಿದವರಿಂದ ಅಳೆಸಬೇಕು. ಹಳೆಯ ಕೋವಿಗಳಲ್ಲಿ ಅದು 65 ಮಿಲಿಮೀಟರ್ ಇರುವುದುಂಟು, ಇಂದಿನ ಎಷ್ಟೋ ತೋಟಾಗಳು 70 ಮಿಲಿಮೀಟರಿನವು. ಬಾಯಿ ಮಡಿಚಿದ ಹೊಸ ತೋಟಾ ಹಳೆಯ ಕೋಣೆಯಲ್ಲಿ ಯಾವ ಅಡ್ಡಿಯೂ ಇಲ್ಲದೆ ಕೂರುವುದರಿಂದ ಹೊಂದಿತೆಂದೇ ತೋರುತ್ತದೆ. ಸಿಡಿಯುವಾಗ ಆ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಭಾಗಕ್ಕೆ ಚಾಚುತ್ತದೆ, ಚರೆಯ ದಾರಿ ಬಿಗಿಯುತ್ತದೆ, ಒತ್ತಡ ಆ ನಳಿಗೆಯನ್ನು ಮಾಡಿದವರು ಎಣಿಸಿದ್ದಕ್ಕಿಂತ ಮೇಲೇರುತ್ತದೆ. ಪದರುಪದರಾಗಿ ಉಕ್ಕು ಮತ್ತು ಕಬ್ಬಿಣವನ್ನು ಹೆಣೆದು ಬಡಿದ ಡಮಾಸ್ಕಸ್ ನಳಿಗೆಯಾಗಿದ್ದರಂತೂ ಅದರಲ್ಲಿ ಇಂದಿನ ಹೊಗೆರಹಿತ ತೋಟಾವನ್ನು ಹಾರಿಸುವ ಯೋಚನೆಯನ್ನೇ ಮಾಡಬಾರದು.